ಮನಸ್ಸಿಲ್ಲದ ದಿನವೂ ಹತ್ತು ಸಾಲು

ಬರೆಯಲು ಕೂತರೆ ಮನಸ್ಸು ಬರುವುದಿಲ್ಲ. ಮನಸ್ಸು ಬರಲಿ ಎಂದು ಕಾದರೆ ಬರೆಯುವುದೇ ನಿಂತುಹೋಗುತ್ತದೆ. ವಿದ್ಯಾರ್ಥಿಗಳನ್ನೂ ದೊಡ್ಡವರನ್ನೂ ಒಂದೇ ಸಮನೆ ಕಾಡುವ ಈ ತೊಡಕಿಗೆ ದಾರಿ ಏನು?

"ಸಾ, ಒಂದ್ ಅರ್ಜಿ ಬರ್ಕೊಡ್ಬೇಕಿತ್ತು."

ಬೆಳಿಗ್ಗೆ ಜಗಲಿಯ ಮೇಲೆ ಪೇಪರು ಹಿಡಿದು ಕುಳಿತಿದ್ದಾಗ ಬಂದು ನಿಂತ ಯುವಕನ ಕೈಯಲ್ಲಿ ಎರಡು ಬಿಳಿ ಹಾಳೆಗಳಿದ್ದವು. ಪಂಪ್‌ಸೆಟ್ಟುಗಳ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿ ಎಂಟು ದಿನವಾಗಿತ್ತಂತೆ. ಹತ್ತಾರು ರೈತರ ಬೆಳೆ ಬಾಡುತ್ತಿತ್ತಂತೆ. ಬಾಯಲ್ಲಿ ಹೇಳಿದರೆ ಕಚೇರಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ, ಅರ್ಜಿ ಕೊಡಿ ಎನ್ನುತ್ತಾರೆ ಎಂದ. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಇಂಥ ಕೆಲಸ ಹೊಸದಲ್ಲ. ಪೆನ್ನು ತೆಗೆದೆ. ಮುಖ ನೋಡಿದಾಗ ಗುರುತು ಹತ್ತಿತು.

"ಏನಪ್ಪಾ, ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೀತಿದ್ದವನು ನೀನೇ ಅಲ್ಲವೇ?"

ಅವನು ನಕ್ಕ. "ಅದೆಲ್ಲ ಅವಾಗ ಸಾ. ಬರೆಯೋದ್ ಬುಟ್ಟು ಎಷ್ಟೋ ವರ್ಸ ಆಯ್ತು. ಈಗೆಲ್ಲಿ ಬತ್ತದೆ?"

ಆ ಮಾತು ನನಗೆ ನಾಟಿತು. ಏಕೆಂದರೆ ಅವನು ಬರೆಯುವುದನ್ನು ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ.

ಗೋಡೆಯ ಮೇಲಿನ ಪತ್ರಿಕೆ

ಆಗ ನಾನಿದ್ದ ಶಾಲೆಯಲ್ಲಿ ಗೋಡೆ ಪತ್ರಿಕೆಯೊಂದನ್ನು ಶುರುಮಾಡಿದ್ದೆವು. ವರಾಂಡದಲ್ಲಿ ಒಂದು ಹಲಗೆ, ಅದರ ಮೇಲೆ ಹದಿನೈದು ದಿನಕ್ಕೊಮ್ಮೆ ಮಕ್ಕಳು ಬರೆದ ಹಾಳೆಗಳು. ಮೊದಲ ಸಂಚಿಕೆಗೆ ನಲವತ್ತು ಬರಹ ಬಂದು ಜಾಗ ಸಾಲಲಿಲ್ಲ. ಎರಡನೆಯದಕ್ಕೆ ಇಪ್ಪತ್ತು. ಮೂರನೆಯದಕ್ಕೆ ಏಳು. ನಾಲ್ಕನೆಯದನ್ನು ಪಠ್ಯಪುಸ್ತಕದ ಗಾದೆಗಳಿಂದ ತುಂಬಿಸಿದೆವು. ಐದನೆಯದು ಬರಲೇ ಇಲ್ಲ. ಹಲಗೆಯ ಮೇಲೆ ಗುಂಡುಪಿನ್ನುಗಳಷ್ಟೇ ಉಳಿದವು. ಆರಂಭಶೂರತ್ವ ಎಂದರೆ ಏನೆಂದು ಮಕ್ಕಳಿಗೆ ಬೇರೆ ಉದಾಹರಣೆ ಕೊಡಬೇಕಾಗಿರಲಿಲ್ಲ!

ಈ ಹುಡುಗ ಎರಡನೆಯ ಸಂಚಿಕೆಗೆ ಬರೆದಿದ್ದ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದಾಗ ಅಪ್ಪನ ಜೊತೆ ಟಾರ್ಚು ಹಿಡಿದು ಗದ್ದೆಗೆ ನೀರು ಕಟ್ಟಲು ಹೋದದ್ದು, ಬದುವಿನ ಮೇಲೆ ಹಾವು ಕಂಡದ್ದು, ಅಪ್ಪ 'ಅದರ ಪಾಡಿಗೆ ಅದು ಹೋಯ್ತದೆ, ನೀನು ನೀರ್ ನೋಡು' ಎಂದದ್ದು. ಒಂದೂವರೆ ಪುಟ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದಿದ್ದ. ನಾನು ಕೆಂಪು ಪೆನ್ನು ಹಿಡಿದು ಹ್ರಸ್ವ-ದೀರ್ಘ, ಅಕಾರ-ಹಕಾರ, ಒತ್ತಕ್ಷರ ಎಲ್ಲವನ್ನೂ ತಿದ್ದಿದೆ. ತಿದ್ದುತ್ತ ತಿದ್ದುತ್ತ 'ನೀರು ಕಟ್ಟುವುದು' ಹೋಗಿ 'ಜಮೀನಿಗೆ ನೀರು ಹಾಯಿಸುವುದು' ಆಯಿತು. ಹಾವು 'ಸರ್ಪ'ವಾಯಿತು. ಅಪ್ಪನ ಮಾತು ಗ್ರಾಂಥಿಕವಾಯಿತು. ಅದನ್ನೇ ದುಂಡಗೆ ನಕಲು ಮಾಡಿಸಿ ಅವನ ಹೆಸರಿನಲ್ಲಿ ಹಲಗೆಗೆ ಹಚ್ಚಿಸಿದೆ. ಓದಿದವರೆಲ್ಲ ಹೊಗಳಿದರು. ಹುಡುಗ ಮಾತ್ರ ಅದರ ಮುಂದೆ ನಿಂತು "ಇದು ನಂದಲ್ಲ ಸಾ" ಎಂದ. ತಮಾಷೆ ಎಂದುಕೊಂಡೆ.

ಮುಂದಿನ ಸಂಚಿಕೆಗೆ ಕೇಳಿದರೆ "ಮೂಡ್ ಬರ್ಲಿಲ್ಲ ಸಾ" ಎಂದ. ಅದರ ಮುಂದಿನದಕ್ಕೂ ಅದೇ ಉತ್ತರ. ಸೋಮಾರಿ ಎಂದು ಬೈದೆ. ಬೈದ ಮೇಲೆ ಕೇಳುವುದನ್ನೂ ನಿಲ್ಲಿಸಿದೆ.

ಸೋಮಾರಿತನವೇ?

'ಮೂಡ್ ಇಲ್ಲ' ಎನ್ನುವ ಮಾತನ್ನು ನಾವು ದೊಡ್ಡವರು ಬೇಗ ಸೋಮಾರಿತನದ ಖಾತೆಗೆ ಬರೆದುಬಿಡುತ್ತೇವೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದ ಮೇಲೆ ನನಗೆ ಅನ್ನಿಸುವುದು ಬೇರೆ. ಆಟಕ್ಕೆ, ಹರಟೆಗೆ, ಜಾತ್ರೆಗೆ ಸದಾ ಹುರುಪಾಗಿರುವ ಹುಡುಗನಿಗೆ ಬರೆಯಲು ಕೂತಾಗ ಮಾತ್ರ ಮನಸ್ಸು ಬಾಡುತ್ತದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣಗಳು ಸಾಮಾನ್ಯವಾಗಿ ನಾಲ್ಕು. ಮೊದಲನೆಯದು ತಪ್ಪಿನ ಭಯ. ಬರೆದರೆ ಕೆಂಪು ಗೆರೆ ಬೀಳುತ್ತದೆ, ಬರೆಯದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತದೆ. ಮಗು ಎರಡನೆಯದನ್ನು ಆರಿಸಿಕೊಂಡರೆ ಆಶ್ಚರ್ಯವೇನು? ಎರಡನೆಯದು ಹೊರಲಾರದ ವಿಷಯ. 'ರಾಷ್ಟ್ರೀಯ ಭಾವೈಕ್ಯ', 'ಪರಿಸರ ಮಾಲಿನ್ಯ' ಎಂದು ಕೊಟ್ಟರೆ ಹದಿನಾಲ್ಕು ವರ್ಷದ ಹುಡುಗಿ ಗೈಡ್ ಬಿಟ್ಟು ಇನ್ನೆಲ್ಲಿಗೆ ಹೋಗಬೇಕು? ಮೂರನೆಯದು ಓದುವವರೇ ಇಲ್ಲದಿರುವುದು. ಬರೆದದ್ದನ್ನು ಯಾರೂ ಓದಿ ನಗದಿದ್ದರೆ, 'ಆಮೇಲೇನಾಯ್ತು?' ಎಂದು ಕೇಳದಿದ್ದರೆ, ಬರೆಯುವುದು ಬಾವಿಗೆ ಕಲ್ಲು ಹಾಕಿದ ಹಾಗೆ. ನಾಲ್ಕನೆಯದು ಸ್ಫೂರ್ತಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ನಂಬಿಕೆ. ಬರಹಗಾರರೆಂದರೆ ಎಲ್ಲೋ ಬೆಳದಿಂಗಳಲ್ಲಿ ಕುಳಿತವರು, ಅವರಿಗೆ ತಾನಾಗಿ ಬರುತ್ತದೆ, ನಮಗೆ ಬರುತ್ತಿಲ್ಲವಾದ್ದರಿಂದ ನಮ್ಮ ಹಣೆಯಲ್ಲಿ ಬರೆದಿಲ್ಲ ಎನ್ನುವ ತೀರ್ಮಾನ.

ಮೊದಲ ಮೂರನ್ನು ಮೇಷ್ಟ್ರುಗಳೂ ತಂದೆ ತಾಯಿಯರೂ ಸರಿಪಡಿಸಬಹುದು. ನಾಲ್ಕನೆಯದನ್ನು ಬರೆಯುವವರೇ ತಮ್ಮ ತಲೆಯಿಂದ ತೆಗೆಯಬೇಕು.

ಮೊದಲು ಕೈ, ಆಮೇಲೆ ಮನಸ್ಸು

ಹಳ್ಳಿಯವರು ಬೋರಿಂಗು ಎನ್ನುವ ಕೈಪಂಪನ್ನು ನೀವೆಲ್ಲ ನೋಡಿದ್ದೀರಿ. ಬೆಳಿಗ್ಗೆ ಮೊದಲ ಬಿಂದಿಗೆ ಇಟ್ಟವರಿಗೆ ಗೊತ್ತು, ಏಳೆಂಟು ಸಲ ಒತ್ತಿದರೂ ಬರುವುದು ಗಾಳಿಯ ಸದ್ದು ಮಾತ್ರ. ನೀರಿಲ್ಲ ಎಂದು ಅಲ್ಲಿಗೇ ಬಿಟ್ಟುಹೋದವರ ಬಿಂದಿಗೆ ಖಾಲಿ. ಇನ್ನೂ ನಾಲ್ಕು ಸಲ ಒತ್ತಿದವರದು ತುಂಬುತ್ತದೆ. ಬರವಣಿಗೆಯ ಮನಸ್ಸೂ ಹೆಚ್ಚುಕಡಿಮೆ ಹೀಗೆಯೇ. ಅದು ಕೂತ ಕೂಡಲೇ ಬರುವುದಿಲ್ಲ. ನಾಲ್ಕು ಕೆಟ್ಟ ಸಾಲು ಬರೆದ ಮೇಲೆ ಬರುತ್ತದೆ.

ಇದು ಬರೀ ಹೋಲಿಕೆಯ ಮಾತಲ್ಲ. ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1983ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಬರೆಯಲು ತೊಡಕು ಪಡುತ್ತಿದ್ದ 27 ಮಂದಿ ಅಧ್ಯಾಪಕರನ್ನು ಅವರು ಮೂರು ಗುಂಪು ಮಾಡಿದರು. ತೀರ ಅಗತ್ಯವಿಲ್ಲದ ಹೊರತು ಬರೆಯಬೇಡಿ ಎಂದು ಒಂದು ಗುಂಪಿಗೆ ಹೇಳಿದರು. ಮನಸ್ಸು ಬಂದಾಗ ಬರೆಯಿರಿ ಎಂದು ಇನ್ನೊಂದಕ್ಕೆ. ಮೂರನೆಯ ಗುಂಪಿನವರು ಮನಸ್ಸಿರಲಿ ಬಿಡಲಿ ನಿಗದಿಯಾದಷ್ಟು ಬರೆಯಲೇಬೇಕು. ತಪ್ಪಿದರೆ ತಮಗೆ ಸ್ವಲ್ಪವೂ ಹಿಡಿಸದ ಸಂಸ್ಥೆಯೊಂದಕ್ಕೆ ತಮ್ಮ ಹಣ ಹೋಗುತ್ತದೆ! ಹೀಗೆ ಒತ್ತಾಯಕ್ಕೆ ಸಿಕ್ಕಿದವರು ಹೆಚ್ಚು ಪುಟ ಬರೆದದ್ದರಲ್ಲಿ ವಿಶೇಷವಿಲ್ಲ. ವಿಶೇಷವೆಂದರೆ, ಹೊಸ ಹೊಸ ವಿಚಾರಗಳು ಹೊಳೆದದ್ದೂ ಅವರಿಗೇ ಹೆಚ್ಚು. ಬರೆಯದೆ ಇದ್ದವರಿಗೆ ಐದು ದಿನಕ್ಕೆ ಒಂದರಂತೆ, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೆ ಒಂದರಂತೆ, ದಿನವೂ ಬರೆದವರಿಗೆ ಸರಿಸುಮಾರು ದಿನಕ್ಕೆ ಒಂದರಂತೆ. ಪ್ರಯೋಗ ಚಿಕ್ಕದು ನಿಜ. ಆದರೆ ದಿನವೂ ಬರೆಯುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬಿಡುವಿಲ್ಲದವರು ಬರೆದದ್ದು

ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಎದುರಿಗೆ ಗಡಿಯಾರ. ಕಾಲು ಗಂಟೆಗೆ 250 ಪದ ಎಂದು ಲೆಕ್ಕ. ಎಷ್ಟು ಪುಟವಾಯಿತೆಂದು ದಿನವೂ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ತನ್ನನ್ನು ಎಬ್ಬಿಸುವುದಕ್ಕೆಂದೇ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ಹೀಗೆ 47 ಕಾದಂಬರಿಗಳಾದವು. ಸತ್ತ ಮೇಲೆ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಗುಟ್ಟು ಬಯಲಾದಾಗ, ಕಲೆಯನ್ನು ಚಮ್ಮಾರಿಕೆಯ ಹಾಗೆ ಕಾಣುವುದೇ ಎಂದು ಮೂಗು ಮುರಿದವರೂ ಇದ್ದರು. ಆದರೆ ಅವನ ಕಾದಂಬರಿಗಳನ್ನು ಜನ ಇಂದಿಗೂ ಓದುತ್ತಿದ್ದಾರೆ.

ಅಷ್ಟು ದೂರ ಯಾಕೆ? ನಮ್ಮ ಜಿಲ್ಲೆಯನ್ನೇ ನೋಡಿ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರು (1938-1998) ವೈದ್ಯರು. ರೋಗಿಗಳ ಸಾಲು ಮುಗಿಯದ ವೃತ್ತಿಯ ನಡುವೆಯೇ 'ನೆಲದ ಒಡಲು', 'ಕನ್ನಂಬಾಡಿ'ಯಂಥ ಕಥಾಸಂಕಲನಗಳನ್ನು ಕೊಟ್ಟರು. ಇಂದು ಅವರ ಹೆಸರಿನಲ್ಲಿ ಕಥಾ ಪುರಸ್ಕಾರವಿದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದವರು. ಕಡತಗಳ ರಾಶಿಯ ನಡುವೆ ಬದುಕಿದ ಅವರು 'ಪ್ರವಾಸಿ ಕಂಡ ಇಂಡಿಯಾ'ದ ಎಂಟು ಸಂಪುಟಗಳನ್ನೂ ಜನಪದ ಸಾಹಿತ್ಯದ ರಾಶಿಯನ್ನೂ ಕನ್ನಡಕ್ಕೆ ಕೊಟ್ಟರು. ಎಂಟು ಸಂಪುಟವನ್ನು ಯಾರೂ ಒಂದು ಉಮೇದಿನಲ್ಲಿ ಬರೆಯಲಾರರು. ದಿನಕ್ಕಿಷ್ಟು ಎಂದೇ ಅದು ಬೆಳೆಯಬೇಕು.

ವಾರಕ್ಕೊಮ್ಮೆ ಬರೆಯುವವರ ಕಷ್ಟ ಬೇರೆ. ಪಿ. ಲಂಕೇಶರು 1980ರ ಜುಲೈನಲ್ಲಿ ತಮ್ಮ ವಾರಪತ್ರಿಕೆಯನ್ನು ಆರಂಭಿಸಿ, 2000ದ ಜನವರಿಯಲ್ಲಿ ತೀರಿಕೊಳ್ಳುವ ತನಕ ಅದನ್ನು ನಡೆಸಿದರು. ಅವರ 'ಟೀಕೆ-ಟಿಪ್ಪಣಿ'ಗಾಗಿ ಕಾಯುವ ಓದುಗರಿದ್ದರು. ಅಚ್ಚಿಗೆ ಹೋಗುವ ದಿನ ಸಂಪಾದಕನ ಮನಸ್ಸನ್ನು ಕೇಳಿಕೊಂಡು ಬರುವುದಿಲ್ಲ. ಆದರೆ ಆ ತಾರೀಕೇ ಬರೆಯುವವನ ಕೈ ಹಿಡಿದು ನಡೆಸುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಬರಹ ಕೆಲಕಾಲ ನಿಂತರೆ ಎಲ್ಲ ಮುಗಿಯಿತು ಎಂದಲ್ಲ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದು ಮನೆಮಾತಾಯಿತು. ಅವರು ಜೀವನವಿಡೀ ಸರ್ಕಾರಿ ಗುಮಾಸ್ತೆಗಿರಿಯಲ್ಲಿ ಸಂಸಾರ ತೂಗಿಸಿದವರು. 1960ರಲ್ಲಿ 'ಮನೆಯಿಂದ ಮನೆಗೆ' ಬಂದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಹೊಸ ಕವನ ಸಂಕಲನ ಹೊರಬರಲಿಲ್ಲ. ಅನಂತರ ಬಂದ 'ತೆರೆದ ಬಾಗಿಲು' ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಎಂಬತ್ತು ದಾಟಿದ ಮೇಲೂ ಅವರ ಸಂಕಲನಗಳು ಬಂದವು. ಆದ್ದರಿಂದ ಒಂದು ತಿಂಗಳು ಡೈರಿ ಬರೆಯಲಿಲ್ಲವೆಂದು ಆ ಪುಸ್ತಕವನ್ನು ಅಟ್ಟಕ್ಕೆ ಎಸೆಯಬೇಡಿ. ನಿಂತಲ್ಲಿಂದಲೇ ಮತ್ತೆ ಶುರುಮಾಡಿ.

ಡೇರಿಯ ಪಾಸ್‌ಬುಕ್ಕು

ನಮ್ಮ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಡೇರಿಯ ಮುಂದೆ ಸಾಲು ನಿಲ್ಲುವುದನ್ನು ನೋಡಿ. ಆ ಹುಡುಗನ ತಾಯಿಯೂ ಅಲ್ಲಿಗೆ ಬರುತ್ತಿದ್ದರು. ಒಮ್ಮೆ ಜ್ವರದಲ್ಲಿ ನಡುಗುತ್ತ ಕ್ಯಾನು ಹಿಡಿದು ನಿಂತಿದ್ದರು. ಇವತ್ತೊಂದು ದಿನ ಬಿಡಬಾರದಿತ್ತೇನಮ್ಮ ಎಂದೆ.

"ಮನಸ್ ಬಂದಾಗ ಕರ್ಯಕ್ಕೆ ಅದೇನ್ ನಲ್ಲಿಯಾ ಮೇಷ್ಟ್ರೇ? ಹೊತ್ಗೆ ಸರಿಯಾಗಿ ಕರೀನಿಲ್ಲ ಅಂದ್ರೆ ಹಸ ಬತ್ತೋಯ್ತದೆ" ಎಂದರು.

ಹೈನು ಮಾಡುವವರಿಗೆಲ್ಲ ಗೊತ್ತಿರುವ ಸತ್ಯವಿದು. ಕರೆದಷ್ಟೂ ಕೆಚ್ಚಲು ತುಂಬುತ್ತದೆ, ಕರೆಯದೆ ಬಿಟ್ಟರೆ ಬತ್ತುತ್ತದೆ. ಹಾಲು ಹೆಚ್ಚು ಬಂದ ದಿನವೂ ಕಡಿಮೆ ಬಂದ ದಿನವೂ ಅವರು ಡೇರಿಗೆ ಹೋಗಿಯೇ ಹೋಗುತ್ತಾರೆ. ಪಾಸ್‌ಬುಕ್ಕಿನಲ್ಲಿ ಒಂದೂವರೆ ಲೀಟರು, ಎರಡು ಲೀಟರು ಎಂದು ಬರೆಸಿಕೊಳ್ಳುತ್ತಾರೆ. ಇವತ್ತು ಹಾಲು ತೆಳ್ಳಗಿದೆ ಎಂದು ನಾಚಿಕೊಂಡು ಮನೆಯಲ್ಲಿ ಕೂರುವವರಿಲ್ಲ. ವಾರದ ಬಟವಾಡೆಯಾದಾಗ ಈ ಚಿಕ್ಕ ಚಿಕ್ಕ ಅಂಕಿಗಳೇ ಕೂಡಿ ಸಂಸಾರ ನಡೆಸುತ್ತವೆ. ಹನಿಗೂಡಿದರೆ ಹಳ್ಳ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಬೇರೆಲ್ಲಿದೆ? ಬರವಣಿಗೆಗೂ ಇಂಥದೇ ಒಂದು ಪಾಸ್‌ಬುಕ್ಕು ಬೇಕು.

ಹೀಗೆ ಮಾಡಿ ನೋಡಿ

ವಿದ್ಯಾರ್ಥಿಗಳೇ, ಒಂದು ನೂರು ಪುಟದ ನೋಟ್‌ಬುಕ್ಕು ತೆಗೆದುಕೊಳ್ಳಿ. ಕೊನೆಯ ಪುಟದಲ್ಲಿ ತಾರೀಕು ಒಂದು ಸಾಲಿಗೆ, ಬರೆದ ಸಾಲುಗಳ ಸಂಖ್ಯೆ ಇನ್ನೊಂದು ಸಾಲಿಗೆ ಬರುವಂತೆ ಗೆರೆ ಹಾಕಿ. ದಿನಕ್ಕೆ ಹತ್ತೇ ಸಾಲು. ಇಪ್ಪತ್ತು ಬರೆಯುತ್ತೇನೆ ಎಂದು ಹಟ ಬೇಡ. ಹತ್ತು ಸಾಲಿಗೆ ಹೆದರುವ ಮನಸ್ಸು ಯಾವುದೂ ಇಲ್ಲ. ಎರಡು ಪುಟ ಎಂದರೆ ಎಲ್ಲರ ಮನಸ್ಸೂ ಹಿಂದೇಟು ಹಾಕುತ್ತದೆ.

ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲೋ, ರಾತ್ರಿ ಊಟಕ್ಕೆ ಮುಂಚೆಯೋ ನಿಮ್ಮ ಅನುಕೂಲ. ದಿನವೂ ಅದೇ ಹೊತ್ತು, ಅದೇ ಜಾಗ ಇದ್ದರೆ 'ಬರೆಯಲೋ ಬೇಡವೋ' ಎಂಬ ಚರ್ಚೆಯೇ ತಲೆಯೊಳಗೆ ಏಳುವುದಿಲ್ಲ. ಫೋನು ಆ ಹೊತ್ತು ಬೇರೆ ಕೋಣೆಯಲ್ಲಿರಲಿ.

ವಿಷಯವನ್ನು ಕೈಗೆಟಕುವಷ್ಟು ಚಿಕ್ಕದು ಮಾಡಿಕೊಳ್ಳಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು 1937ರಲ್ಲಿ 'ಹಗಲುಗನಸುಗಳು' ಪ್ರಕಟಿಸಿದಾಗ ಕನ್ನಡಕ್ಕೆ ಲಲಿತಪ್ರಬಂಧದ ರುಚಿ ಹತ್ತಿತು. ದಿನನಿತ್ಯದ ಸಣ್ಣ ಸಂಗತಿಗಳನ್ನೇ ಹಿಡಿದು ಹರಟುತ್ತ ದೊಡ್ಡ ಮಾತಿಗೆ ಹೋಗುವುದು ಅವರ ಬಗೆ. 1900ರಲ್ಲಿ ಹುಟ್ಟಿದ ಅವರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, 'ದೇವರು' ಎಂಬ ಪುಸ್ತಕವನ್ನು ಕೊಟ್ಟರು! 'ಕೃಷಿ' ಎಂದು ಬರೆಯಬೇಡಿ. ಇವತ್ತು ಅಪ್ಪ ಕಬ್ಬಿನ ಲಾರಿ ಕಾದದ್ದನ್ನು ಬರೆಯಿರಿ. 'ಹಬ್ಬಗಳು' ಬೇಡ, ಊರ ಹಬ್ಬದ ಮಾರನೆಯ ದಿನ ಬೀದಿ ಹೇಗಿತ್ತು ಬರೆಯಿರಿ. ಆಲೆಮನೆಯ ಕೊಪ್ಪರಿಗೆಯಿಂದ ಏಳುವ ವಾಸನೆ, ಮಂಡ್ಯದ ಬಸ್ಸಿನಲ್ಲಿ ಸಿಕ್ಕ ಸೀಟು, ಅಜ್ಜಿಯ ಮುರಿದ ಕನ್ನಡಕ, ಒಂದೊಂದೂ ಒಂದೊಂದು ದಿನದ ಹತ್ತು ಸಾಲು.

ಏನೂ ತೋಚದ ದಿನ ಪೆನ್ನು ಎತ್ತದೆ ಹತ್ತು ನಿಮಿಷ ಬರೆಯಿರಿ. ಅಮೆರಿಕದ ಅಧ್ಯಾಪಕ ಪೀಟರ್ ಎಲ್ಬೋ 1973ರ ತಮ್ಮ ಪುಸ್ತಕದಲ್ಲಿ ಹೇಳಿಕೊಟ್ಟ ಉಪಾಯವಿದು. ನಿಲ್ಲಿಸಬಾರದು, ಹಿಂದೆ ತಿರುಗಿ ತಿದ್ದಬಾರದು. ಏನೂ ಹೊಳೆಯದಿದ್ದರೆ 'ಏನೂ ಹೊಳೆಯುತ್ತಿಲ್ಲ' ಎಂದೇ ಮತ್ತೆ ಮತ್ತೆ ಬರೆಯಬೇಕು. ನಾಲ್ಕನೆಯ ಸಲಕ್ಕೆ ಮನಸ್ಸಿಗೇ ನಾಚಿಕೆಯಾಗಿ ಬೇರೆ ಏನನ್ನಾದರೂ ಕೊಡುತ್ತದೆ! ಅದೂ ಆಗದ ದಿನ ನಿಮಗೆ ಇಷ್ಟವಾದ ಪುಸ್ತಕದ ಅರ್ಧ ಪುಟವನ್ನು ಎತ್ತಿ ಬರೆಯಿರಿ. ಕೈಗೆ ಅಭ್ಯಾಸ ತಪ್ಪುವುದಿಲ್ಲ.

ಬರೆಯುವುದು ಬೇರೆ ಹೊತ್ತು, ತಿದ್ದುವುದು ಬೇರೆ ಹೊತ್ತು. ಎರಡನ್ನೂ ಒಟ್ಟಿಗೆ ಮಾಡುವುದು ಬಿತ್ತುತ್ತಲೇ ಕಳೆ ಕೀಳಲು ಹೋದಂತೆ. ಕಾಗುಣಿತ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ಅದಕ್ಕೆ ಮಾರನೆಯ ದಿನವಿದೆ.

ಕೊನೆಯದಾಗಿ, ಬರೆಯಲು ಇನ್ನೂ ಒಂದೆರಡು ಮಾತು ಉಳಿದಿರುವಾಗಲೇ ನಿಲ್ಲಿಸಿ. ನಾಳೆ ಕೂರುವಾಗ ಆ ಉಳಿದ ಮಾತೇ ನಿಮ್ಮನ್ನು ಎಳೆದುಕೊಳ್ಳುತ್ತದೆ. ಒಲೆಯಲ್ಲಿ ಒಂದು ಕೆಂಡ ಮುಚ್ಚಿಟ್ಟು ಮಲಗುತ್ತಿದ್ದ ನಮ್ಮ ಅಜ್ಜಿಯರಿಗೆ ಬೆಳಿಗ್ಗೆ ಬೆಂಕಿಪೊಟ್ಟಣ ಹುಡುಕುವ ಕಷ್ಟವಿರಲಿಲ್ಲ.

ಮೂರು ದಿನ ತಪ್ಪಿತೇ? ಕೊನೆಯ ಪುಟದಲ್ಲಿ ಮೂರು ಸೊನ್ನೆ ಹಾಕಿ ನಾಲ್ಕನೆಯ ದಿನ ಮುಂದುವರಿಯಿರಿ. ಬಾಕಿ ಮೂವತ್ತು ಸಾಲನ್ನು ಒಟ್ಟಿಗೆ ತೀರಿಸಲು ಹೋಗಬೇಡಿ. ಬಾಕಿ ತೀರಿಸಲು ಹೋದವರೇ ಮೊದಲು ಬಿಟ್ಟುಬಿಡುವವರು.

ತಂದೆ ತಾಯಿಯರಿಗೆ

"ಇದರಿಂದ ಎಷ್ಟು ಮಾರ್ಕ್ಸ್ ಬರ್ತದೆ ಮೇಷ್ಟ್ರೇ?" ಎಂದು ಕೇಳಿದ ಪೋಷಕರು ಅನೇಕ. ಎಸ್.ಎಸ್.ಎಲ್.ಸಿ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನವೂ ಇದೆ, ಪ್ರಬಂಧವೂ ಇದೆ. ದಿನಕ್ಕೆ ಹತ್ತು ಸಾಲು ಸ್ವಂತವಾಗಿ ಬರೆದವರಿಗೆ ಅಲ್ಲಿ ಗೈಡಿನ ಹಂಗಿಲ್ಲ. ಅಷ್ಟೇ ಅಲ್ಲ, ವಿಜ್ಞಾನವಿರಲಿ ಸಮಾಜವಿರಲಿ ಉತ್ತರ ಬರೆಯುವುದು ವಾಕ್ಯಗಳಲ್ಲೇ ತಾನೇ? ಆದರೆ ಅಂಕಗಳಿಗಾಗಿ ಮಾತ್ರ ಬರೆಸಿದರೆ ಪರೀಕ್ಷೆಯ ಮಾರನೆಯ ದಿನವೇ ಪೆನ್ನು ಮುಚ್ಚಿಹೋಗುತ್ತದೆ.

ನೀವು ಮಾಡಬೇಕಾದದ್ದು ಬಹಳವಿಲ್ಲ. ಮಗು ತಾನಾಗಿ ತೋರಿಸಿದರೆ ಓದಿ. ಓದಲು ಬರದಿದ್ದರೆ ಓದಿಸಿ ಕೇಳಿ. ಅದು ಇನ್ನೂ ಒಳ್ಳೆಯದು. ತಪ್ಪು ಹುಡುಕುವ ಮೊದಲು 'ಆಮೇಲೇನಾಯ್ತು?' ಎಂದು ಕೇಳಿ. ತೋರಿಸದಿದ್ದರೆ ಕದ್ದು ಓದಬೇಡಿ. ಪಕ್ಕದ ಮನೆಯ ಹುಡುಗಿಯ ಕೈಬರಹದ ಜೊತೆ ಹೋಲಿಸಬೇಡಿ. ಆಡುಮಾತಿನಲ್ಲಿ ಬರೆದರೆ 'ಇದೇನು ಹಳ್ಳಿ ಭಾಷೆ' ಎನ್ನಬೇಡಿ. ಮನೆಯ ಮಾತಿನಲ್ಲಿ ಧಾರಾಳವಾಗಿ ಬರೆದ ಮಗು ಪುಸ್ತಕದ ಮಾತನ್ನೂ ಕಲಿಯುತ್ತದೆ. ಮನೆಯ ಮಾತು ತಪ್ಪು ಎನ್ನಿಸಿಕೊಂಡ ಮಗು ಎರಡರಲ್ಲೂ ಮೂಕವಾಗುತ್ತದೆ. ಆ ತಪ್ಪನ್ನು ಮಾಡಿದವನೇ ಇದನ್ನು ಹೇಳುತ್ತಿದ್ದೇನೆ.

ಈಗ ಇನ್ನೊಂದು ಅನುಕೂಲವೂ ಬಂದಿದೆ. ಫೋನಿನಲ್ಲಿ ವಿಷಯ ಹೇಳಿದರೆ ಯಂತ್ರವೇ ಕ್ಷಣದಲ್ಲಿ ಪ್ರಬಂಧ ಬರೆದುಕೊಡುತ್ತದೆ. ಅದು ಬರೆದದ್ದರಲ್ಲಿ ಕಾಗುಣಿತ ನನ್ನ ಕೆಂಪು ಪೆನ್ನಿಗಿಂತ ಚೊಕ್ಕಟವಾಗಿದ್ದರೂ ಇರಬಹುದು. ಆದರೆ ಆ ಹುಡುಗ ನನ್ನ ತಿದ್ದುಪಡಿಯ ಮುಂದೆ ನಿಂತು ಹೇಳಿದ ಮಾತನ್ನು ನಿಮ್ಮ ಮಗುವೂ ಹೇಳಬೇಕಾಗುತ್ತದೆ, 'ಇದು ನಂದಲ್ಲ' ಎಂದು. ಬದುವಿನ ಮೇಲೆ ಹಾವು ಕಂಡ ರಾತ್ರಿ ಯಂತ್ರ ಅಲ್ಲಿರಲಿಲ್ಲ.

ಬೇರೆಯೇ ಆದ ಬೇಸರ

ಎಲ್ಲ ಬೇಸರಕ್ಕೂ ಹತ್ತು ಸಾಲಿನ ಮದ್ದು ನಾಟುವುದಿಲ್ಲ. ಬರೆಯುವುದರಲ್ಲಿ ಮಾತ್ರವಲ್ಲ, ಆಟ, ಗೆಳೆಯರು, ಊಟ ಯಾವುದರಲ್ಲೂ ಮಗುವಿಗೆ ಆಸಕ್ತಿ ಇಲ್ಲದೆ ಎರಡು ಮೂರು ವಾರ ಕಳೆದರೆ, ನಿದ್ದೆ ಕೆಟ್ಟಿದ್ದರೆ, 'ನಾನು ಯಾತಕ್ಕೂ ಬೇಡ' ಎಂಬಂಥ ಮಾತು ಬಂದರೆ ಅದನ್ನು ಸೋಮಾರಿತನ ಎನ್ನಬೇಡಿ, ಬೈಯಬೇಡಿ, ದೃಷ್ಟಿ ತೆಗೆಸಿ ಸುಮ್ಮನಾಗಲೂಬೇಡಿ. ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಏಳು ಸಾಲಿನ ಅರ್ಜಿ

ಅರ್ಜಿಯ ಯುವಕನ ವಿಷಯಕ್ಕೆ ಬರುತ್ತೇನೆ. ತೆಗೆದ ಪೆನ್ನನ್ನು ನಾನು ಅವನ ಕೈಗೇ ಕೊಟ್ಟೆ. "ನೀನೇ ಬರಿ. ನಾನು ಪಕ್ಕದಲ್ಲಿ ಕೂತಿರ್ತೀನಿ, ಮಾತಾಡಲ್ಲ" ಎಂದೆ. "ಬ್ಯಾಡ ಸಾ, ತಪ್ಪಾಯ್ತದೆ" ಎಂದ. "ತಪ್ಪಾಗಲಿ. ಎರಡು ಹಾಳೆ ತಂದಿದ್ದೀಯಲ್ಲ" ಎಂದೆ.

'ಇವರಿಗೆ', 'ಇವರಿಂದ' ಎನ್ನುವಷ್ಟರಲ್ಲೇ ಕಾಲು ಗಂಟೆ ಹೋಯಿತು. ಒಂದು ಸಾಲು ಬರೆದು ಹೊಡೆದುಹಾಕಿದ. ಮತ್ತೆ ಬರೆದ. ನನ್ನ ಮನೆಯಾಕೆ ಕಾಫಿ ತಂದಿಟ್ಟದ್ದು ಆರಿಹೋಯಿತು. ಮೂರನೆಯ ಸಾಲಿನ ನಂತರ ಅವನ ಕೈ ಸರಾಗವಾಯಿತು. ಕೈಪಂಪಿಗೆ ನೀರು ಬಂತು ಎಂದುಕೊಂಡೆ. ಎಂಟು ದಿನದಿಂದ ಮೋಟರು ಓಡದೆ ನಾಟಿ ಮಾಡಿದ ಗದ್ದೆ ಬಿರುಕು ಬಿಟ್ಟಿರುವುದನ್ನು, ಎಷ್ಟು ಮನೆಯವರ ಬೆಳೆ ಅದನ್ನೇ ನಂಬಿದೆ ಎಂಬುದನ್ನು ಬರೆದ. ಕೊನೆಗೆ 'ತಾವು ಒಂದ್ಸಲ ಬಂದು ಗದ್ದೆ ನೋಡಬೇಕು' ಎಂದು ಬರೆದ. ಎಲ್ಲ ಸೇರಿ ಏಳು ಸಾಲು. ನಡುವೆ ಮೂರು ಕಾಗುಣಿತದ ತಪ್ಪಿದ್ದವು.

"ತಿದ್ದಿ ಸಾ" ಎಂದು ಮುಂದೆ ಚಾಚಿದ.

ಕಾಗುಣಿತ ಮೂರನ್ನು ಬೆರಳಿಟ್ಟು ತೋರಿಸಿದೆ, ಅವನೇ ಸರಿಮಾಡಿಕೊಂಡ. 'ಒಂದ್ಸಲ' ಎಂಬುದನ್ನು 'ಒಮ್ಮೆ' ಎಂದು ಮಾಡಲು ನನ್ನ ಬೆರಳು ಅತ್ತ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ.

ಎರಡನೆಯ ಹಾಳೆಯಲ್ಲಿ ಶುದ್ಧಪ್ರತಿ ಮಾಡಿ, ಕೆಳಗೆ ತನ್ನ ಹೆಸರು ಬರೆದು ರುಜು ಹಾಕಿದ. ಮಡಚಿ ಜೇಬಿಗಿಟ್ಟುಕೊಳ್ಳುವ ಮುನ್ನ ಇನ್ನೊಮ್ಮೆ ಬಿಡಿಸಿ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಮಿಕ್ಕವರ ಸಹಿ ಹಾಕಿಸಬೇಕು ಎಂದು ಸೈಕಲ್ ಮೋಟರು ಹತ್ತಿ ಊರ ಕಡೆ ಹೊರಟ.